ಆಯಿಲ್ ಕುಡಿಯುವ ಎಂಜಿನ್ನಿಗೆ ದಪ್ಪ ಆಯಿಲ್ ಮದ್ದಲ್ಲ

ಓದುಗರ ಪ್ರಶ್ನೆ: ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಒಂದು ಜರ್ಮನ್ ಎಸ್‌ಯುವಿ ಇದೆ. ಪೆಟ್ರೋಲ್, ಟರ್ಬೊ ಎಂಜಿನ್. 80 ಸಾವಿರ ಕಿ.ಮೀ. ದಾಟಿದೆ. ಎರಡು ತಿಂಗಳಿಗೊಮ್ಮೆ ‘ಒಂದು ಲೀಟರ್ ಆಯಿಲ್ ಹಾಕಿ’ ಎಂಬ ಸೂಚನೆ ಬರುತ್ತಿದೆ. ನೆಲದ ಮೇಲೆ ಒಂದು ಹನಿಯೂ ಬಿದ್ದಿಲ್ಲ. ಪರಿಚಯದ ಗ್ಯಾರೇಜಿನವರು 20ಡಬ್ಲ್ಯು-50 ಗ್ರೇಡಿನ ದಪ್ಪ ಆಯಿಲ್ ಹಾಕಿದರೆ ನಿಲ್ಲುತ್ತದೆ ಎನ್ನುತ್ತಾರೆ. ಹಾಕಬಹುದೇ? (ಶಿರಸಿಯ ಓದುಗರು)

ಉತ್ತರ: ಹಾಕಬೇಡಿ. ಈ ಪ್ರಶ್ನೆ ನನಗೆ ಕುಮಟಾದಿಂದ ಬಂದಿದೆ, ಹೊನ್ನಾವರದಿಂದ ಬಂದಿದೆ, ಕಾರವಾರದಿಂದಂತೂ ಮತ್ತೆ ಮತ್ತೆ ಬಂದಿದೆ. ಕಾರಿನ ಹೆಸರು ಬದಲಾಗುತ್ತದೆ. ದಪ್ಪ ಆಯಿಲ್ಲಿನ ಸಲಹೆ ಮಾತ್ರ ಹಾಗೆಯೇ ಇರುತ್ತದೆ. ಆದ್ದರಿಂದ ಈ ಸಲ ಕೂಲಂಕಷವಾಗಿ ಬರೆಯುತ್ತೇನೆ.

ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ. ‘ಎರಡು ತಿಂಗಳಿಗೊಮ್ಮೆ’ ಎಂದರೆ ನನಗೆ ಏನೂ ತಿಳಿಯುವುದಿಲ್ಲ. ಎಷ್ಟು ಕಿಲೋಮೀಟರಿಗೆ ಒಂದು ಲೀಟರ್ ಎಂದು ಹೇಳಬೇಕು. ಎಲ್ಲ ಎಂಜಿನ್ನುಗಳೂ ಸ್ವಲ್ಪ ಆಯಿಲ್ ಸುಡುತ್ತವೆ, ಅದು ದೋಷವಲ್ಲ. ಮರ್ಸಿಡಿಸ್ ಕೈಪಿಡಿಗಳಲ್ಲಿ 1,000 ಕಿ.ಮೀ.ಗೆ 0.8 ಲೀಟರಿನವರೆಗೆ, ಫೋಕ್ಸ್‌ವ್ಯಾಗನ್ ಗುಂಪಿನ ಕೈಪಿಡಿಗಳಲ್ಲಿ 0.5 ಲೀಟರಿನವರೆಗೆ ಖರ್ಚಾಗಬಹುದು ಎಂದು ಬರೆದಿರುತ್ತದೆ. ಈ ಮಿತಿ ವಾರಂಟಿಯ ತಕರಾರು ಬಂದಾಗ ಕಂಪನಿಯನ್ನು ಕಾಯುವ ಮಿತಿ ಎಂದೇ ನನ್ನ ಅಭಿಪ್ರಾಯ. ಆರೋಗ್ಯವಾಗಿರುವ ಎಂಜಿನ್ ಅದರ ಹತ್ತಿರಕ್ಕೂ ಹೋಗುವುದಿಲ್ಲ. 2,000 ಕಿ.ಮೀ.ಯೊಳಗೆ ಒಂದು ಲೀಟರ್ ಹೋಗುತ್ತಿದೆಯೆಂದರೆ ಕಾರಣ ಹುಡುಕುವ ಕಾಲ ಬಂದಿದೆ ಎಂದು ತಿಳಿಯಿರಿ.

ಅಳೆಯುವ ಜಾಗವೂ ಮುಖ್ಯ. ಇಂದಿನ ಎಷ್ಟೋ ದುಬಾರಿ ಕಾರುಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ, ಸೆನ್ಸರ್ ಹೇಳಿದ್ದೇ ಮಾತು. ಶಿರಸಿ, ಸಿದ್ದಾಪುರದ ಕಡೆ ಮನೆಯ ಅಂಗಳವೇ ಇಳಿಜಾರು. ಅಲ್ಲಿ ನಿಲ್ಲಿಸಿ ನೋಡಿದ ಮಟ್ಟವನ್ನು ನಂಬಬೇಡಿ. ಸಮತಟ್ಟಾದ ಜಾಗದಲ್ಲಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಕೈಪಿಡಿ ಹೇಳಿದ ಕ್ರಮದಲ್ಲಿಯೇ ನೋಡಿ. ಮ್ಯಾಕ್ಸ್ ಗುರುತಿನವರೆಗೆ ತುಂಬಿಸಿ ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ಕಾರವಾರದವರು ಬೆಂಗಳೂರಿಗೆ ಒಮ್ಮೆ ಹೋಗಿ ಬಂದರೆ ಸುಮಾರು ಸಾವಿರ ಕಿ.ಮೀ. ಆಗುತ್ತದೆ, ಪರೀಕ್ಷೆಗೆ ಅಷ್ಟು ಸಾಕು.

ಇನ್ನು ಆ ದಪ್ಪ ಆಯಿಲ್ಲಿನ ವಿಷಯ. ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಬೈತಖೋಲ ಮತ್ತು ತದಡಿ ಬಂದರಿನ ಬೋಟುಗಳು, ಘಟ್ಟದ ಮೇಲಿನ ಹಳೆಯ ಜೀಪುಗಳು, ಅಂಬಾಸಿಡರ್ ಕಾರುಗಳು: ಇವುಗಳ ಮೇಲೆ ಕೈ ಪಳಗಿಸಿಕೊಂಡ ಮೇಸ್ತ್ರಿಗಳು ನಮ್ಮ ಜಿಲ್ಲೆಯಲ್ಲಿದ್ದಾರೆ. ಆ ಎಂಜಿನ್ನುಗಳಲ್ಲಿ ಬಿಡಿಭಾಗಗಳ ನಡುವಿನ ಸಂದು ದೊಡ್ಡದು. ಸಿಲಿಂಡರ್ ಸವೆದಾಗ ದಪ್ಪ ಆಯಿಲ್ ಆ ಸಂದನ್ನು ಸ್ವಲ್ಪ ಕಾಲ ತುಂಬುತ್ತಿತ್ತು, ಹೊಗೆ ಇಳಿಯುತ್ತಿತ್ತು. ಅವರ ಅನುಭವ ನಿಜ, ಆದರೆ ಅದು ಆ ಎಂಜಿನ್ನಿನ ಅನುಭವ.

ನಿಮ್ಮ ಕಾರಿನ ಕಥೆ ಬೇರೆ. ಪಿಸ್ಟನ್ನಿನ ಕೆಳಗಿನ ರಿಂಗ್ ಸಿಲಿಂಡರಿನ ಗೋಡೆಯಿಂದ ಆಯಿಲ್ಲನ್ನು ಬಳಿದು ಸಣ್ಣ ರಂಧ್ರಗಳ ಮೂಲಕ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ ಇಳಿಸಬೇಕು. ಘರ್ಷಣೆ ಕಡಿಮೆಯಾಗಲೆಂದು ಹೊಸ ಎಂಜಿನ್ನುಗಳಲ್ಲಿ ಈ ರಿಂಗುಗಳನ್ನು ತೆಳುವಾಗಿ ಮಾಡಿದ್ದಾರೆ. ಆಯಿಲ್ ಬದಲಿಸುವುದು ತಡವಾದರೆ ಕಾರ್ಬನ್ ಕಟ್ಟಿಕೊಂಡು ರಿಂಗ್ ಅಂಟಿಕೊಳ್ಳುತ್ತದೆ, ರಂಧ್ರ ಮುಚ್ಚುತ್ತದೆ. ಕಟ್ಟಿಕೊಂಡ ಜರಡಿಯಲ್ಲಿ ನೀರೇ ಇಳಿಯದಿರುವಾಗ ಜೋನಿ ಬೆಲ್ಲ ಹೊಯ್ದರೆ ಇಳಿಯುತ್ತದೆಯೇ? ಗೋಡೆಯ ಮೇಲೆ ಉಳಿದ ಆಯಿಲ್ ದಹನಕೋಣೆಗೆ ಸೇರಿ ಸುಡುತ್ತದೆ. ಅದಕ್ಕೇ ನಿಮ್ಮ ಅಂಗಳದಲ್ಲಿ ಒಂದು ಹನಿಯೂ ಕಾಣುವುದಿಲ್ಲ.

ಕರಾವಳಿಯ ಸೆಖೆಗೆ ತೆಳು ಆಯಿಲ್ ತಡೆಯುವುದಿಲ್ಲ ಎಂಬ ವಾದವನ್ನೂ ಕೇಳಿದ್ದೇನೆ. ಹೊರಗೆ 20 ಡಿಗ್ರಿ ಇರಲಿ, 35 ಇರಲಿ, ಓಡುವ ಎಂಜಿನ್ನಿನೊಳಗೆ ಆಯಿಲ್ ಸುಮಾರು 100 ಡಿಗ್ರಿಯಲ್ಲಿರುತ್ತದೆ. ಆ ಶಾಖದಲ್ಲಿ ಎಷ್ಟು ಮಂದವಾಗಿರಬೇಕು ಎಂಬುದನ್ನೇ ಗ್ರೇಡಿನ ಎರಡನೆಯ ಸಂಖ್ಯೆ ಹೇಳುತ್ತದೆ. 30ರ ಗ್ರೇಡ್ ಎಂದರೆ 100 ಡಿಗ್ರಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ (ಮಂದತೆಯ ಅಳತೆ), 50ರ ಗ್ರೇಡ್ ಎಂದರೆ 16.3ರಿಂದ 21.9. ಎಂಜಿನ್ ರೂಪಿಸಿದವರು 30 ಕೇಳಿದಲ್ಲಿ ನೀವು 50 ಹಾಕಿದರೆ ಒಂದೂವರೆ ಪಟ್ಟಿಗೂ ಮಂದವಾದ ದ್ರವವನ್ನು ಅದೇ ಕಿರಿದಾದ ದಾರಿಗಳಲ್ಲಿ ನೂಕುತ್ತಿದ್ದೀರಿ. ಬೆಳಗ್ಗೆ ತಣ್ಣಗಿರುವಾಗ ಈ ಅಂತರ ಇನ್ನೂ ದೊಡ್ಡದು. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಟರ್ಬೊ ಶಾಫ್ಟ್, ಆಯಿಲ್ ಒತ್ತಡದಿಂದಲೇ ಬಿಗಿಯಾಗುವ ಟೈಮಿಂಗ್ ಚೈನಿನ ಟೆನ್ಷನರ್, ವಾಲ್ವ್ ಟೈಮಿಂಗ್ ಬದಲಿಸುವ ಸೊಲೆನಾಯ್ಡ್, ಎಲ್ಲವೂ ಆಯಿಲ್ ಬೇಗ ತಲುಪಲಿ ಎಂದು ಕಾಯುತ್ತಿರುತ್ತವೆ. ಮಂದ ಆಯಿಲ್ ಫಿಲ್ಟರಿನಲ್ಲಿ ಸಲೀಸಾಗಿ ಹಾಯದಿದ್ದರೆ ಬೈಪಾಸ್ ವಾಲ್ವ್ ತೆರೆದುಕೊಂಡು ಸೋಸದ ಆಯಿಲ್ಲೇ ಒಳಗೆ ಹೋಗುತ್ತದೆ.

‘ಹಾಕಿದ ಮೇಲೆ ಕಡಿಮೆಯಾಯಿತಲ್ಲ’ ಎನ್ನುವವರಿಗೆ ಒಂದು ಮಾತು. ಯಾವ ಹೊಸ ಆಯಿಲ್ ಹಾಕಿದರೂ ಆರಂಭದಲ್ಲಿ ಖರ್ಚು ಕಡಿಮೆ ಕಾಣುವುದು ಸಾಮಾನ್ಯ. ಅದು ಹಳತಾದಂತೆ ಖರ್ಚು ಏರುತ್ತದೆ. ಮೊದಲ ಐದುನೂರು ಕಿಲೋಮೀಟರ್ ನೋಡಿ ತೀರ್ಮಾನಕ್ಕೆ ಬರಬೇಡಿ.

ಕಂಪನಿಗಳೇ ಸಿಕ್ಕಿಬಿದ್ದಾಗ ಏನು ಮಾಡಿದವು ನೋಡಿ. ಔಡಿಯ ಎರಡನೆಯ ತಲೆಮಾರಿನ ಇಎ888, 2.0 ಲೀಟರ್ ಟಿಎಫ್‌ಎಸ್‌ಐ ಎಂಜಿನ್ ಆಯಿಲ್ ಕುಡಿಯುವುದಕ್ಕೆ ಕುಖ್ಯಾತವಾಯಿತು. ಅಮೆರಿಕದಲ್ಲಿ ಗ್ರಾಹಕರು ನ್ಯಾಯಾಲಯಕ್ಕೆ ಹೋದರು. ಪರಿಹಾರವಾಗಿ ಬಂದದ್ದು ಬದಲಾದ ವಿನ್ಯಾಸದ ಪಿಸ್ಟನ್ ಮತ್ತು ರಿಂಗುಗಳು. 2008ರಲ್ಲಿ ಎಕ್ಸ್6 ಜೊತೆ ಬಂದ ಬಿಎಂಡಬ್ಲ್ಯುವಿನ ಎನ್63, 4.4 ಲೀಟರ್ ವಿ8 ಎಂಜಿನ್ನಿನಲ್ಲಿ ಟರ್ಬೊಗಳು ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ಕುಳಿತಿವೆ. ಆ ಕಾವಿಗೆ, ವಾಲ್ವಿನ ದಂಡದ ಸುತ್ತ ಆಯಿಲ್ ತಡೆಯುವ ವಾಲ್ವ್ ಸೀಲುಗಳು ಗಡುಸಾಗಿ ಆಯಿಲ್ ಸೋರತೊಡಗಿತು. 2014ರ ಕೊನೆಯಲ್ಲಿ ಕಂಪನಿ ಅಮೆರಿಕದಲ್ಲಿ ವಿಶೇಷ ಸೇವಾ ಕಾರ್ಯಕ್ರಮವನ್ನೇ ನಡೆಸಿತು, ಆಯಿಲ್ ಬದಲಿಸುವ ಅವಧಿಯನ್ನೂ ಕಡಿತಗೊಳಿಸಿತು. ಒಂದು ಡಬ್ಬಿ ದಪ್ಪ ಆಯಿಲ್ಲಿನಿಂದ ಇದು ಮುಗಿಯುವಂತಿದ್ದರೆ ಇಷ್ಟು ಹಣ ಸುರಿಯಲು ಯಾವ ಕಂಪನಿ ಒಪ್ಪುತ್ತಿತ್ತು?

ಹಾಗಾದರೆ ಏನು ಮಾಡಬೇಕು? ಅಗ್ಗದ ಭಾಗದಿಂದ ಆರಂಭಿಸಿ. ಎಂಜಿನ್ನಿನ ಒಳಗಿನ ಆವಿಯನ್ನು ಇನ್‌ಟೇಕ್‌ಗೆ (ಗಾಳಿ ಒಳಸೇರುವ ದಾರಿಗೆ) ಕಳಿಸುವ ಪಿಸಿವಿ ವಾಲ್ವಿನಲ್ಲಿ ಒಂದು ರಬ್ಬರ್ ಪೊರೆ ಇರುತ್ತದೆ. ಅದು ಹರಿದರೆ ಎಂಜಿನ್ ತನ್ನ ಆಯಿಲ್ಲನ್ನು ತಾನೇ ಹೀರುತ್ತದೆ. ಶಿಳ್ಳೆಯಂಥ ಸದ್ದು, ಎಂಜಿನ್ ಚಾಲೂ ಇರುವಾಗ ಆಯಿಲ್ ಮುಚ್ಚಳ ತೆಗೆಯಲು ಬಾರದಷ್ಟು ಎಳೆತ, ಇವು ಅದರ ಲಕ್ಷಣ. ಇದನ್ನು ನೋಡದೆ ಎಂಜಿನ್ ಬಿಚ್ಚಲು ಯಾರಿಗೂ ಅನುಮತಿ ಕೊಡಬೇಡಿ. ಬಳಿಕ ಟರ್ಬೊದ ಪೈಪು ಬಿಚ್ಚಿಸಿ ಒಳಗೆ ಆಯಿಲ್ ನಿಂತಿದೆಯೇ ನೋಡಿಸಿ.

ಹೊಗೆಯ ಪರೀಕ್ಷೆಗೆ ನಮ್ಮಷ್ಟು ಅನುಕೂಲ ಯಾರಿಗೂ ಇಲ್ಲ, ಘಟ್ಟವೇ ಇದೆ. ದೇವಿಮನೆ ಘಟ್ಟವನ್ನು ಕಡಿಮೆ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟದೆ ಇಳಿಯಿರಿ. ಕೆಳಗೆ ಬಂದು ಒತ್ತಿದ ಕೂಡಲೇ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಅನುಮಾನ ವಾಲ್ವ್ ಸೀಲುಗಳ ಮೇಲೆ. ಇಳಿಯುವಾಗ ಇನ್‌ಟೇಕ್‌ನಲ್ಲಿ ಹುಟ್ಟುವ ನಿರ್ವಾತ ಆಯಿಲ್ಲನ್ನು ಸೀಲಿನ ಮೂಲಕ ಎಳೆದುಕೊಂಡಿರುತ್ತದೆ. ಘಟ್ಟ ಹತ್ತುವಾಗ ಉದ್ದಕ್ಕೂ ನೀಲಿ ಹೊಗೆಯಿದ್ದರೆ ರಿಂಗುಗಳ ಮೇಲೆ. ಹಿಂದಿನ ಕಾರಿನಲ್ಲಿ ಒಬ್ಬರು ಕುಳಿತು ನೋಡಲಿ. ರಿಂಗ್ ಅಂಟಿರುವುದು ಖಚಿತವಾದರೆ ಕಾರ್ಬನ್ ಕರಗಿಸುವ ದ್ರಾವಣದಲ್ಲಿ ನೆನೆಸುವುದು ಕೆಲವೊಮ್ಮೆ ಫಲ ಕೊಡುತ್ತದೆ. ಆಗದಿದ್ದರೆ ಗೋವಾಕ್ಕೋ ಮಂಗಳೂರಿಗೋ ಒಯ್ದು ಎಂಜಿನ್ ಬಿಚ್ಚಿಸುವುದೇ ದಾರಿ. ಅಲ್ಲಿಯವರೆಗೆ ಕೈಪಿಡಿಯಲ್ಲಿರುವ ಅನುಮೋದನೆ ಸಂಖ್ಯೆಯ ಆಯಿಲ್ಲನ್ನೇ, 15 ಸಾವಿರ ಕಿ.ಮೀ.ಗೆ ಕಾಯದೆ ಏಳೆಂಟು ಸಾವಿರಕ್ಕೆ ಬದಲಿಸಿ. ಸುಟ್ಟ ಆಯಿಲ್ಲಿನ ರಂಜಕ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ, ಆದ್ದರಿಂದ ‘ಮೇಲಿಂದ ಮೇಲೆ ಹಾಕಿಕೊಂಡು ಹೋದರಾಯಿತು’ ಎನ್ನುವುದೂ ಬಿಟ್ಟಿಯ ದಾರಿಯಲ್ಲ.

ಯಾರೂ ಕೇಳದ ಒಂದು ಸಂಗತಿಯನ್ನು ಡೀಸೆಲ್ ಎಸ್‌ಯುವಿ ಇರುವವರಿಗೆ ಹೇಳಲೇಬೇಕು. ಇಳಿಯುವ ಮಟ್ಟಕ್ಕೆ ಎಲ್ಲರೂ ಗಾಬರಿಯಾಗುತ್ತಾರೆ, ಏರುವ ಮಟ್ಟವನ್ನು ಕಂಡು ‘ನಮ್ಮ ಗಾಡಿ ಆಯಿಲ್ಲೇ ಕುಡಿಯುವುದಿಲ್ಲ’ ಎಂದು ನೆಮ್ಮದಿಯಿಂದಿರುತ್ತಾರೆ. ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ಹೆಚ್ಚಿದೆಯೆಂದರೆ ಡೀಸೆಲ್ ಸೇರಿದೆ. 2020ರ ಏಪ್ರಿಲ್‌ನಿಂದ ಬಿಎಸ್6 ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್ ಇದೆ. ಆ ಮಸಿಯನ್ನು ಸುಡಲು ಹೊಗೆಯ ಶಾಖ ಸುಮಾರು 600 ಡಿಗ್ರಿಗೆ ಏರಬೇಕು. ಅದಕ್ಕಾಗಿ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಕೋಡಿಬಾಗದಿಂದ ಪೇಟೆಗೆ, ಪೇಟೆಯಿಂದ ಶಾಲೆಗೆ ಎಂದು ಹತ್ತು ನಿಮಿಷ ಓಡಿಸಿ ನಿಲ್ಲಿಸುವವರ ಕಾರಿನಲ್ಲಿ ಈ ಕೆಲಸ ಅರ್ಧಕ್ಕೇ ನಿಂತು ಮತ್ತೆ ಮತ್ತೆ ಶುರುವಾಗುತ್ತದೆ, ಸುಡದ ಡೀಸೆಲ್ ಗೋಡೆಯಿಂದ ಜಾರಿ ಸಂಪ್‌ಗೆ ಇಳಿಯುತ್ತದೆ. ಇಲ್ಲಿ 20ಡಬ್ಲ್ಯು-50 ಹಾಕುವುದು ಇನ್ನೂ ಕೆಟ್ಟದ್ದು. ಡಿಪಿಎಫ್ ಇರುವ ಎಂಜಿನ್ನಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಯುರೋಪಿನ ಕಾರು ತಯಾರಕರ ಸಂಘದ (ಎಸಿಇಎ) ಸಿ3 ವರ್ಗದ ಆಯಿಲ್ಲಿನಲ್ಲಿ ಬೂದಿಯ ಮಿತಿ ಶೇ. 0.8. ಬೂದಿ ಮಸಿಯಂತೆ ಸುಟ್ಟುಹೋಗುವುದಿಲ್ಲ, ಡಿಪಿಎಫ್ ಒಳಗೇ ಉಳಿಯುತ್ತದೆ.

ಮಟ್ಟ ಮ್ಯಾಕ್ಸ್ ಗುರುತನ್ನು ದಾಟಿದ್ದರೆ ಆ ಕಾರಿನಲ್ಲಿ ಅರಬೈಲ್ ಘಟ್ಟ ಹತ್ತಲು ಹೋಗಬೇಡಿ. ಡೀಸೆಲ್ ಸೇರಿ ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಯುವುದಿಲ್ಲ. ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ. ಆಮೇಲೆ, ಡಿಪಿಎಫ್ ಮಸಿ ಪೂರ್ತಿ ಸುಡಲೆಂದು, ವಾರಕ್ಕೊಮ್ಮೆಯಾದರೂ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರವಾರದಿಂದ ಅಂಕೋಲಾದವರೆಗೆ ಎಲ್ಲಿಯೂ ನಿಲ್ಲಿಸದೆ ಒಂದೇ ವೇಗದಲ್ಲಿ ಓಡಿಸಿಕೊಂಡು ಬನ್ನಿ.