ಪಿಎಸ್‌ಪಿ ಅನಿಮೆ ಫೈಟಿಂಗ್ ಗೇಮ್‌ಗಳು ಇನ್ನೂ ಯಾಕೆ ಹಳೇದು ಅನ್ಸಲ್ಲ?

ಕೈಯಲ್ಲಿ ಹಿಡಿದು ಆಡೋ ಸೋನಿ ಗೇಮ್ ಮಿಷಿನ್ ಪಿಎಸ್‌ಪಿ ಜಪಾನಲ್ಲಿ ಬಂದಿದ್ದು 2004ರ ಡಿಸೆಂಬರಲ್ಲಿ, ಅದರ ಕಥೆ ಮುಗಿದೂ ಹತ್ತು ವರ್ಷ ದಾಟಿದೆ. ಆದ್ರೂ ಅದರ ಡ್ರ್ಯಾಗನ್ ಬಾಲ್, ನರುಟೊ, ಬ್ಲೀಚ್ ಥರದ ಅನಿಮೆ (ಜಪಾನಿನ ಕಾರ್ಟೂನ್) ಗೇಮ್‌ಗಳನ್ನ ಜನ ಫೋನಲ್ಲಿ ಪಿಪಿಎಸ್‌ಎಸ್‌ಪಿಪಿ ಎಮ್ಯುಲೇಟರ್ (ಫೋನನ್ನೇ ಪಿಎಸ್‌ಪಿ ಥರ ನಡೆಸೋ ಆ್ಯಪ್) ಹಾಕ್ಕೊಂಡು ಇವತ್ತಿಗೂ ಆಡ್ತಾನೇ ಇದ್ದಾರೆ. ಬಾಲ್ಯದ ನೆನಪು ಕಣ್ರೀ ಅಷ್ಟೇ ಅಂತ ಹೇಳ್ಬಿಡಬಹುದು, ಆದ್ರೆ ಅದೇ ಮಿಷಿನ್ನಿನ ಯುದ್ಧದ ಗೇಮ್ ಒಂದನ್ನ ಈಗ ತೆಗೆದು ನೋಡಿ, ಗೋಡೆ ಮಣ್ಣು ಮುಖ ಎಲ್ಲಾ ಕಲಸಿಹೋಗಿರುತ್ತೆ. ಅನಿಮೆ ಗೇಮ್ ಮಾತ್ರ ನೀಟಾಗೇ ಕಾಣುತ್ತೆ.

ಪಿಎಸ್‌ಪಿ ಸ್ಕ್ರೀನ್ 480×272, ಅಂದ್ರೆ ಸುಮಾರು 1 ಲಕ್ಷ 30 ಸಾವಿರ ಪಿಕ್ಸೆಲ್. ಫುಲ್ ಎಚ್‌ಡಿ ಫೋನಲ್ಲಿ ಅದರ ಹದಿನಾರು ಪಟ್ಟು ಹತ್ತಿರ ಇರುತ್ತೆ. ಎಮ್ಯುಲೇಟರ್ 3ಡಿ ಆಕಾರಗಳನ್ನ ದೊಡ್ಡ ಸೈಜಲ್ಲೇ ಹೊಸದಾಗಿ ಬಿಡಿಸುತ್ತೆ, ಹಂಗಾಗಿ ಅಂಚುಗಳು ಚೂಪಾಗ್ತವೆ, ಆದ್ರೆ ಆಕಾರದ ಮೇಲೆ ಅಂಟಿಸಿರೋ ಟೆಕ್ಸ್‌ಚರ್ ಚಿತ್ರ ಅದೇ ಹಳೇ ಸಣ್ಣದು, ಅದನ್ನ ಎಳೆದಷ್ಟೂ ಮಸುಕು. ನಿಜದ ಥರ ಕಾಣ್ಬೇಕು ಅಂತ ಮಾಡಿದ ಗೇಮ್ ನಿಂತಿರೋದೇ ಟೆಕ್ಸ್‌ಚರ್ ಮೇಲೆ. ಡ್ರ್ಯಾಗನ್ ಬಾಲ್ ಹೀರೋ ಗೋಕುಗೆ ಏನ್ ಬೇಕು ಹೇಳಿ, ಕಿತ್ತಳೆ ಬಣ್ಣದ ಒಂದು ಹರವು, ನೆರಳಿಗೆ ಸ್ವಲ್ಪ ಗಾಢ ಬಣ್ಣ, ಸುತ್ತ ಕಪ್ಪು ಗೆರೆ. ಎಳೆದ್ರೆ ಹಾಳಾಗೋಕೆ ಅಲ್ಲಿ ಏನೂ ಇಲ್ವಲ್ಲ! ಆ ಕಪ್ಪು ಗೆರೆಗೂ ದೊಡ್ಡ ಚಿಪ್ ಬೇಡ. ಇಂಥಾ ಗೇಮ್‌ಗಳಲ್ಲಿ ಚಾಲ್ತಿಯಲ್ಲಿರೋ ಒಂದು ಉಪಾಯ ಅಂದ್ರೆ ಅದೇ ಗೊಂಬೆನ ಒಂಚೂರು ದಪ್ಪ ಮಾಡಿ, ಪೂರ್ತಿ ಕಪ್ಪು ಬಳಿದು, ಅದರ ಹಿಂಬದಿ ಮಾತ್ರ ಕಾಣೋ ಹಂಗೆ ಇನ್ನೊಂದ್ಸಲ ಬಿಡಿಸೋದು. ಬಳೆ ಒಳಗೆ ಕೈ ಇದ್ದಂಗೆ, ಕಪ್ಪು ಅಂಚಷ್ಟೇ ಹೊರಗಿಣುಕುತ್ತೆ.

ಚಲನೆಯಲ್ಲೂ ಇದೇ ಜಿಪುಣತನ, ನಂಗೆ ಜಾಸ್ತಿ ಮಜಾ ಕೊಡೋದು ಇದು. 1963ರಲ್ಲಿ ಜಪಾನಿನ ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ‘ಆಸ್ಟ್ರೋ ಬಾಯ್’ನ ವಾರಕ್ಕೊಂದು ಕಂತಿನಂತೆ ಟಿವಿಗೆ ತಂದಾಗ ದುಡ್ಡೂ ಕಮ್ಮಿ ಟೈಮೂ ಕಮ್ಮಿ, ಸೆಕೆಂಡಿಗೆ 24 ಚಿತ್ರ ಬಿಡಿಸೋ ಮಾತೇ ಇಲ್ಲ. ಒಂದೇ ಚಿತ್ರನ ಮೂರು ಫ್ರೇಮ್ ಹಿಡಿದಿಡೋದು, ಒಳ್ಳೇ ಪೋಸ್ ಸಿಕ್ರೆ ಇನ್ನೂ ಜಾಸ್ತಿ ಹೊತ್ತು ನಿಲ್ಲಿಸೋದು ರೂಢಿ ಆಯ್ತು. ಅಂದ್ರೆ ಅನಿಮೆ ನೋಡಿ ಬೆಳೆದ ಕಣ್ಣಿಗೆ ಪೆಟ್ಟಿನ ಜೋರು ಗೊತ್ತಾಗೋದು ಚಿತ್ರ ನಿಂತಾಗ. ಫೈಟಿಂಗ್ ಗೇಮಲ್ಲಿ ಇದನ್ನ ಹಿಟ್‌ಸ್ಟಾಪ್ ಅಂತಾರೆ. ಒದೆ ತಾಕಿದ ತಕ್ಷಣ ಇಬ್ಬರೂ ಹಂಗೇ ಫ್ರೀಜ್. ಸೆಕೆಂಡಿಗೆ 60 ಫ್ರೇಮಲ್ಲಿ ಓಡೋ ಗೇಮ್ ಅಂದ್ಕೊಳಿ, ಒಂದು ಫ್ರೇಮಿಗೆ ಸುಮಾರು 17 ಮಿಲಿಸೆಕೆಂಡ್, ಎಂಟು ಫ್ರೇಮ್ ನಿಲ್ಲಿಸಿದ್ರೆ 133. ಗಮನಿಸಿ ನೋಡದೇ ಇದ್ರೆ ನಿಂತಿದ್ದೇ ತಿಳಿಯಲ್ಲ, ಆದ್ರೆ ತೆಗೆದುಹಾಕಿದ್ರೆ ಒದೆ ಗಾಳಿಗೆ ಬಿದ್ದಂಗೆ ಸಪ್ಪೆ.

ಸುಮ್ನೆ ಶೋಗಲ್ಲ ಈ ಹಿಟ್‌ಸ್ಟಾಪ್. ಕಣ್ಣಿಗೆ ಕಂಡಿದ್ದಕ್ಕೆ ಬೆರಳು ಒತ್ತೋಕೆ ನಮಗೆ ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕು, ಹನ್ನೆರಡು ಹದಿನೈದು ಫ್ರೇಮ್. ಬೇಗ ಬರೋ ಪಂಚ್ ನಾಲ್ಕೈದು ಫ್ರೇಮಲ್ಲೇ ಮುಖಕ್ಕೆ ಬಂದಿರುತ್ತೆ. ಆಯ್ಕೆ ಜಾಸ್ತಿ ಆದಷ್ಟೂ ಮೆದುಳು ಇನ್ನೂ ನಿಧಾನ ಅಂತ ಮನಶ್ಶಾಸ್ತ್ರಜ್ಞ ವಿಲಿಯಂ ಹಿಕ್ 1952ರಲ್ಲೇ ತೋರಿಸಿದ್ರು. ಹಂಗಾಗಿ ಹತ್ತಿರದ ಜಗಳದಲ್ಲಿ ನೋಡಿ ತಡೆಯೋದು ಆಗದ ಮಾತು, ಎದುರಿನವನ ಚಾಳಿ ಓದಿ ಮೊದಲೇ ಊಹೆ ಮಾಡ್ಬೇಕು. ಆ ಊಹೆ ಸರಿಯಾಗಿ ಪೆಟ್ಟು ಬಿತ್ತು ಅಂದ್ರೆ, ಮುಂದೇನು ಅಂತ ನಿರ್ಧಾರ ಮಾಡೋಕೆ ಹಿಟ್‌ಸ್ಟಾಪ್ ಒಂಚೂರು ಹೊತ್ತು ಕೊಡುತ್ತೆ. ಕಾಂಬೋ, ಅಂದ್ರೆ ಒಂದರ ಹಿಂದೊಂದು ಬೀಳೋ ಪೆಟ್ಟಿನ ಸರಣಿ, ಹುಟ್ಟೋದು ಅಲ್ಲೇ.

ಅದೇ ಕಾಲದ ಇನ್ನೊಂದು ಕೈ ಗೇಮ್ ಮಿಷಿನ್ ನಿಂಟೆಂಡೊ ಡಿಎಸ್ ಕಥೆ ಇನ್ನೂ ವಿಚಿತ್ರ. 67 ಮೆಗಾಹರ್ಟ್ಸ್ ಪ್ರೊಸೆಸರ್, 4 ಎಂಬಿ ರ‍್ಯಾಮ್. ಅದರಲ್ಲಿ 2006ರ ‘ಜಂಪ್ ಅಲ್ಟಿಮೇಟ್ ಸ್ಟಾರ್ಸ್’ ಅನ್ನೋ ಫೈಟಿಂಗ್ ಗೇಮ್ ಬಂತು, ಕೆಳಗಿನ ಸ್ಕ್ರೀನಲ್ಲಿ ಮಾಂಗಾ (ಜಪಾನಿನ ಕಾಮಿಕ್ಸ್) ಪುಟದ ಚೌಕಗಳನ್ನ ಜೋಡಿಸಿಟ್ಕೊಳ್ಳೋದು, ಸಣ್ಣ ಚೌಕದವನು ಬಂದು ಸಹಾಯ ಮಾಡಿ ಹೋಗ್ತಾನೆ, ದೊಡ್ಡ ಚೌಕದವನು ತಾನೇ ಕಣಕ್ಕಿಳಿತಾನೆ. ಜಪಾನ್ ಬಿಟ್ಟು ಹೊರಗೆ ಅದನ್ನ ಬಿಡುಗಡೆನೇ ಮಾಡಲಿಲ್ಲ. ಡಿಎಸ್ ಗೇಮ್‌ಗಳಿಗೆ ರೀಜನ್ ಲಾಕ್ (ಒಂದು ದೇಶದ ಗೇಮ್ ಇನ್ನೊಂದು ದೇಶದ ಮಿಷಿನ್ನಲ್ಲಿ ಓಡದಂಗೆ ಹಾಕೋ ಬೀಗ) ಇರಲಿಲ್ವಲ್ಲ, ಜಪಾನೀಸ್ ಒಂದಕ್ಷರ ಬಾರದವರೂ ತರಿಸ್ಕೊಂಡು ಆಡಿದ್ರು.

ಫೋನಲ್ಲಿ ಆಡೋರ ದೊಡ್ಡ ತಲೆನೋವು ಟಚ್ ಬಟನ್. ಹೆಬ್ಬೆರಳಿಗೆ ಅಂಚು ಸಿಗಲ್ಲ, ಕಣ್ಣು ಪದೇಪದೇ ಕೆಳಗೆ ಹೋಗುತ್ತೆ, ಅಷ್ಟರಲ್ಲಿ ಹದಿನೈದು ಫ್ರೇಮ್ ಯಾವಾಗ್ಲೋ ಮುಗಿದಿರುತ್ತೆ. ಕಂಪ್ಯೂಟರ್ ಎದುರಾಳಿ ಜೊತೆ ಹೆಂಗೋ ನಡೆಯುತ್ತೆ, ಫ್ರೆಂಡ್ ಜೊತೆ ಆಡೋದಾದ್ರೆ ಒಂದು ಕಂಟ್ರೋಲರ್ ತಗೊಳ್ಳಿ, ಸಾಧ್ಯ ಆದ್ರೆ ವೈರ್ ಇರೋದೇ.