ಗ್ಯಾರಂಡ್ ರೈಫಲ್‌ನ ‘ಟಿಣ್’ ಸದ್ದು ಶತ್ರುವಿಗೆ ಸುಳಿವು ಕೊಡುತ್ತಿತ್ತಾ?

ಓದುಗರ ಪ್ರಶ್ನೆ: ಎಂ1 ಗ್ಯಾರಂಡ್ ರೈಫಲ್‌ನಲ್ಲಿ ಎಂಟು ಗುಂಡು ಮುಗಿದ ಕೂಡಲೇ ಕ್ಲಿಪ್ ಹಾರಿ ‘ಟಿಣ್’ ಅಂತ ಸದ್ದಾಗುತ್ತದೆ. ಅದನ್ನು ಕೇಳಿಸಿಕೊಂಡೇ ಜರ್ಮನ್ ಮತ್ತು ಜಪಾನಿ ಸೈನಿಕರು ಮೇಲೆ ಬೀಳುತ್ತಿದ್ದರಂತೆ. ಇಂಥ ದೋಷ ಇದ್ದೂ ಅಮೆರಿಕದ ಸೇನೆ ಅದನ್ನೇ ಯಾಕೆ ಬಳಸಿತು?

ಸದ್ದಾಗುವುದು ನಿಜ. ಉಳಿದದ್ದು ಕಟ್ಟುಕಥೆ. ಗ್ಯಾರಂಡ್ ಬಗ್ಗೆ ಏನೇ ಬರೆದರೂ ಮೊದಲು ಬರುವ ಪ್ರಶ್ನೆ ಇದೇ. ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ. ಸುಮಾರು 54 ಲಕ್ಷ ತಯಾರಾದ ರೈಫಲ್ ಇದು. ಎರಡನೇ ಮಹಾಯುದ್ಧದಲ್ಲಿ ಕಾಲಾಳಿನ ಸಾಮಾನ್ಯ ಆಯುಧವಾಗಿಯೇ ಸೆಲ್ಫ್ ಲೋಡಿಂಗ್ (ಒಂದು ಗುಂಡು ಹಾರಿದ ಮೇಲೆ ಮುಂದಿನದನ್ನು ತಾನೇ ತುಂಬಿಕೊಳ್ಳುವ) ರೈಫಲ್ ಕೊಟ್ಟ ಸೇನೆ ಅಮೆರಿಕದ್ದೊಂದೇ. ಅಂಥ ಯಂತ್ರದ ಬಗ್ಗೆ ನಮಗೆ ನೆನಪಿರುವುದು ಒಂದು ಸದ್ದು ಮಾತ್ರ ಅಂದರೆ ಬೇಜಾರಾಗುತ್ತದೆ.

ಮೊದಲು ಆ ಸದ್ದು ಎಲ್ಲಿಂದ ಬರುತ್ತದೆ ಅಂತ ನೋಡೋಣ. ಅದು ಗೊತ್ತಾದರೆ ಅರ್ಧ ಕಥೆ ತಾನಾಗಿಯೇ ಬಿದ್ದುಹೋಗುತ್ತದೆ.

ಗುಂಡು ನಳಿಕೆಯ ತುದಿಯ ಹತ್ತಿರ ಬಂದಾಗ ಅಲ್ಲಿರುವ ಒಂದು ಸಣ್ಣ ರಂಧ್ರವನ್ನು ದಾಟುತ್ತದೆ. ಅದರ ಹಿಂದಿರುವ ಬಿಸಿ ಗ್ಯಾಸ್‌ನಲ್ಲಿ ಸ್ವಲ್ಪ ಭಾಗ ಆ ರಂಧ್ರದಿಂದ ಕೆಳಗಿನ ಸಿಲಿಂಡರಿಗೆ ನುಗ್ಗುತ್ತದೆ. ಸಿಲಿಂಡರಿನಲ್ಲಿ ಪಿಸ್ಟನ್ ಇದೆ. ಆ ಪಿಸ್ಟನ್ ಒಂದು ಉದ್ದನೆಯ, ಅಲ್ಲಲ್ಲಿ ಬಾಗಿದ ಕಂಬಿಯ ಮುಂದಿನ ತುದಿ. ಈ ಕಂಬಿಗೆ ಆಪರೇಟಿಂಗ್ ರಾಡ್ ಅನ್ನುತ್ತಾರೆ. ಗ್ಯಾಸ್ ತಳ್ಳಿದಾಗ ಇಡೀ ಕಂಬಿ ಹಿಂದಕ್ಕೆ ಓಡುತ್ತದೆ.

ಕಂಬಿಯ ಹಿಂದಿನ ತುದಿಯಲ್ಲಿ ಒಂದು ಓರೆ ತೋಡು ಇದೆ. ನಳಿಕೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ತುಂಡಿಗೆ ಬೋಲ್ಟ್ ಅನ್ನುತ್ತಾರೆ. ಅದರ ಎರಡು ಬದಿಗೆ ಕಿವಿಯ ಹಾಗೆ ಚಾಚಿಕೊಂಡ ಭಾಗಗಳಿವೆ. ಬಲಗಿವಿ ಈ ತೋಡಿನೊಳಗೆ ಕೂತಿರುತ್ತದೆ. ಕಂಬಿ ಹೊರಟ ತಕ್ಷಣ ಬೋಲ್ಟ್ ಅಲುಗುವುದಿಲ್ಲ. ಮೊದಲ ಕೆಲವು ಮಿಲಿಮೀಟರ್ ಕಂಬಿ ಸುಮ್ನೆ ಸರಿಯುತ್ತದೆ. ಆ ಚೂರು ಹೊತ್ತಿನಲ್ಲಿ ಗುಂಡು ನಳಿಕೆಯಿಂದ ಆಚೆ ಹೋಗಿ, ಒಳಗಿನ ಒತ್ತಡ ಇಳಿದಿರುತ್ತದೆ. ಆಮೇಲೆ ತೋಡಿನ ಓರೆ ಅಂಚು ಬೋಲ್ಟನ್ನು ತಿರುಗಿಸುತ್ತದೆ. ಬೋಲ್ಟಿನ ಎರಡು ಕಿವಿಗಳು ಬೀಗದಿಂದ ಬಿಡಿಸಿಕೊಳ್ಳುತ್ತವೆ, ಬೋಲ್ಟ್ ಹಿಂದೆ ಸರಿಯುತ್ತದೆ, ಖಾಲಿ ಕಾಡತೂಸು ಹೊರಗೆ ಬೀಳುತ್ತದೆ, ಗುಂಡು ಸಿಡಿಸುವ ಹ್ಯಾಮರ್ ಮತ್ತೆ ಹೂಡಿಕೊಳ್ಳುತ್ತದೆ. ಮುಂದಕ್ಕೆ ಬರುವಾಗ ಬೋಲ್ಟ್ ಹೊಸ ಕಾಡತೂಸನ್ನು ತಳ್ಳಿಕೊಂಡು ಬಂದು ಬೀಗ ಹಾಕಿಕೊಳ್ಳುತ್ತದೆ. ಇಷ್ಟೂ ಕೆಲಸ ಮುಗಿಯುವುದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ. ಈ ಸಮಯವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಕಂಬಿಯನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್ ಯಾವುದೋ, ಗುಂಡುಗಳನ್ನು ಮೇಲಕ್ಕೆ ಎತ್ತುವ ಸ್ಪ್ರಿಂಗೂ ಅದೇ. ಅದರ ಒಂದು ತುದಿ ಕಂಬಿಯನ್ನು ಒತ್ತುತ್ತದೆ. ಇನ್ನೊಂದು ತುದಿ ಒಂದು ಸನ್ನೆಯ ಮೂಲಕ ಮ್ಯಾಗಝಿನ್ನಿನಲ್ಲಿರುವ (ಗುಂಡುಗಳನ್ನು ಇಡುವ ಜಾಗ) ಗುಂಡುಗಳನ್ನು ಎತ್ತುತ್ತದೆ. ಒಂದೇ ಸ್ಪ್ರಿಂಗಿನಿಂದ ಎರಡು ಕೆಲಸ ತೆಗೆಯುವುದು ಕಾಗದದ ಮೇಲೆ ಸುಲಭ. ಮಣ್ಣು, ಮಳೆ, ಚಳಿಯಲ್ಲಿ ಲಕ್ಷಗಟ್ಟಲೆ ರೈಫಲ್‌ಗಳಲ್ಲಿ ಅದು ಕೆಲಸ ಮಾಡುವ ಹಾಗೆ ಮಾಡುವುದು ಸುಲಭ ಅಲ್ಲ. ಈ ರೈಫಲ್ ರೂಪಿಸಿದ ಜಾನ್ ಗ್ಯಾರಂಡ್ ಎಂಥ ಯಂತ್ರಗಾರ ಅನ್ನುವುದಕ್ಕೆ ನನಗೆ ಈ ಒಂದು ಸ್ಪ್ರಿಂಗ್ ಸಾಕು.

ಈಗ ಕ್ಲಿಪ್. ಎಂಟು ಗುಂಡುಗಳನ್ನು ಹಿಡಿದಿಟ್ಟ ತೆಳು ಉಕ್ಕಿನ ತಗಡಿನ ಪಟ್ಟಿ ಅದು. ಗುಂಡುಗಳ ಸಮೇತ ಅದನ್ನೇ ಮೇಲಿನಿಂದ ರೈಫಲ್ಲಿನೊಳಗೆ ಒತ್ತಬೇಕು. ಒಳಗೆ ಎಡಬದಿಯ ಕೊಕ್ಕೆಯೊಂದು ಅದನ್ನು ಹಿಡಿದುಕೊಳ್ಳುತ್ತದೆ. ಅದೇ ಹೊತ್ತಿಗೆ ಕೆಳಗಿನಿಂದ ಬೇರೊಂದು ಸ್ಪ್ರಿಂಗ್ ಕ್ಲಿಪ್ಪನ್ನು ಸದಾ ಮೇಲಕ್ಕೆ ಒತ್ತುತ್ತಿರುತ್ತದೆ. ಎಂಟನೇ ಗುಂಡು ಹಾರಿ ಬೋಲ್ಟ್ ಹಿಂದೆ ಹೋದಾಗ ಎತ್ತಲು ಇನ್ನು ಗುಂಡಿಲ್ಲ. ಸನ್ನೆ ಪೂರ್ತಿ ಮೇಲೆ ಬರುತ್ತದೆ, ಕೊಕ್ಕೆ ಬಿಡುತ್ತದೆ, ಸ್ಪ್ರಿಂಗ್ ಕ್ಲಿಪ್ಪನ್ನು ಚಿಮ್ಮಿಸುತ್ತದೆ. ಬೋಲ್ಟ್ ಹಿಂದೆಯೇ ತೆರೆದು ನಿಲ್ಲುತ್ತದೆ. ಸ್ಪ್ರಿಂಗಿನ ಹೊಡೆತಕ್ಕೆ ಖಾಲಿ ತಗಡು ಕಂಪಿಸುತ್ತದಲ್ಲ, ನೀವು ಕೇಳುವ ‘ಟಿಣ್’ ಅದೇ.

ಅಂದರೆ ಈ ಸದ್ದು ಬರುವುದು ಗುಂಡು ಹಾರಿ ಸ್ವಲ್ಪ ಹೊತ್ತಾದ ಮೇಲೆ ಅಲ್ಲ. ಎಂಟನೇ ಗುಂಡಿನ ಬೆನ್ನಿಗೇ ಬರುತ್ತದೆ, ಅದೇ ಓಟದಲ್ಲಿ. ರೈಫಲ್ಲಿನ ಹತ್ತಿರ ಗುಂಡಿನ ಸದ್ದು ಸುಮಾರು 160 ಡೆಸಿಬೆಲ್. ಕಿವಿ ಕೆಡುವ ಅಪಾಯ 140ರ ಹೊತ್ತಿಗೇ ಶುರುವಾಗುತ್ತದೆ. ಅಂಥ ಸದ್ದು ಆದ ಮೇಲೆ ಕೆಲ ಹೊತ್ತು ಕಿವಿ ಗುಂಯ್ ಅನ್ನುತ್ತಿರುತ್ತದೆ. ಸಣ್ಣ ಸದ್ದು ಅದರಲ್ಲಿ ಮುಚ್ಚಿಹೋಗುತ್ತದೆ. ಆ ಕಾಲದಲ್ಲಿ ಸೈನಿಕರು ಕಿವಿಗೆ ಏನನ್ನೂ ಹಾಕಿಕೊಂಡು ಹೋರಾಡುತ್ತಿರಲಿಲ್ಲ. ಹಾರಿಸಿದವನ ಪಾಡೇ ಹೀಗಿರುವಾಗ ದೂರದಲ್ಲಿರುವ ಶತ್ರುವಿಗೆ ಏನು ಕೇಳೀತು?

ದೂರದ ಲೆಕ್ಕವನ್ನೂ ಹಾಕೋಣ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ ಕೇಳಿದ್ದು 100 ಮೀಟರ್ ತಲುಪುವಾಗ 40 ಡೆಸಿಬೆಲ್ ಕಳೆದುಕೊಂಡಿರುತ್ತದೆ. ನಡುವೆ ಗಿಡ, ದಿಬ್ಬ, ಗೋಡೆ ಇದ್ದರೆ ಇನ್ನೂ ಜಾಸ್ತಿ. ಇನ್ನು ಶತ್ರು ಸುಮ್ಮನೆ ಕೂತು ಕಿವಿಗೊಟ್ಟು ಕೇಳುತ್ತಿಲ್ಲ. ಅವನ ಪಕ್ಕದವರೂ ಗುಂಡು ಹಾರಿಸುತ್ತಿದ್ದಾರೆ. ಜರ್ಮನ್ ತಂಡವಾದರೆ ನಡುವೆ ನಿಮಿಷಕ್ಕೆ 1,200ರಷ್ಟು ಗುಂಡು ಉಗುಳುವ ಎಂಜಿ42 ಮೆಷಿನ್ ಗನ್ ಇರುತ್ತದೆ. ಆ ಗದ್ದಲದಲ್ಲಿ 100 ಮೀಟರ್ ಆಚೆಯ ತಗಡಿನ ಸದ್ದು ಕೇಳಿಸಬೇಕು ಅನ್ನುವುದು ನಂಬುವ ಮಾತಲ್ಲ.

ಆದರೂ ಕೇಳಿಸಿತು ಅಂತಲೇ ಇಟ್ಟುಕೊಳ್ಳೋಣ. ಗಾಳಿ ನಿಂತಿದೆ, ಬೇರೆ ಯಾರೂ ಹಾರಿಸುತ್ತಿಲ್ಲ, ಅವನ ಕಿವಿ ಸರಿಯಾಗಿದೆ. 100 ಮೀಟರ್ ದಾಟಲು ಸದ್ದಿಗೇ ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಆಮೇಲೆ ಅವನು ಅದೇನೆಂದು ತಿಳಿದುಕೊಂಡು, ಎದ್ದು, ಬೂಟು, ಹೆಲ್ಮೆಟ್, ಹೊರೆ ಸಮೇತ ಉಬ್ಬುತಗ್ಗಿನ ನೆಲದಲ್ಲಿ 100 ಮೀಟರ್ ಓಡಬೇಕು. 15 ಸೆಕೆಂಡಿನಲ್ಲಿ ಓಡಿ ಮುಗಿಸಿದರೆ ಅವನು ಒಳ್ಳೆಯ ಓಟಗಾರ. ಅಭ್ಯಾಸ ಇರುವ ಸೈನಿಕನಿಗೆ ಹೊಸ ಕ್ಲಿಪ್ ಒತ್ತಲು ಬೇಕಾಗುವುದು ಕೆಲವೇ ಸೆಕೆಂಡು. ಆ ಓಟಗಾರ ಅರ್ಧ ದಾರಿಗೆ ಬರುವ ಮೊದಲೇ ಎದುರಿಗೆ ಎಂಟು ಗುಂಡು ತಯಾರಿರುತ್ತವೆ.

ಇಷ್ಟೂ ಸಾಲದು ಅನ್ನುವವರಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಹೇಳುತ್ತೇನೆ. ಯುದ್ಧದಲ್ಲಿ ಯಾರೂ ಒಬ್ಬನೇ ಇರುವುದಿಲ್ಲ. ಅಮೆರಿಕದ ರೈಫಲ್ ತಂಡದಲ್ಲಿ 12 ಜನ. ಬಹುತೇಕ ಎಲ್ಲರ ಕೈಯಲ್ಲೂ ಗ್ಯಾರಂಡ್, ಒಬ್ಬನ ಕೈಯಲ್ಲಿ ಬ್ರೌನಿಂಗ್ ಆಟೊಮ್ಯಾಟಿಕ್ ರೈಫಲ್. ಒಬ್ಬನ ಕ್ಲಿಪ್ ಹಾರಿದಾಗ ಉಳಿದ 11 ಜನರ ರೈಫಲ್ ಖಾಲಿಯಾಗಿರುವುದಿಲ್ಲ. ‘ಟಿಣ್’ ಕೇಳಿ ಎದ್ದುನಿಂತವನು ಅವರೆಲ್ಲರ ಕಣ್ಣಿಗೆ ಬೀಳುತ್ತಾನೆ.

ಇನ್ನೊಂದು ಮಾತು. ಜರ್ಮನರ ಕೆ98ಕೆ ಮತ್ತು ಜಪಾನಿಯರ ಅರಿಸಾಕಾ ರೈಫಲ್‌ಗಳಲ್ಲಿ ಇದ್ದದ್ದು ಐದೈದು ಗುಂಡು. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಿತ್ತು. ಐದು ಎಣಿಸಿ ಅಮೆರಿಕದವರು ಮೇಲೆ ಬೀಳುತ್ತಿದ್ದರು ಅಂತ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಗುಂಡು ಮುಗಿದ ಗಳಿಗೆ ಅಷ್ಟು ಅಪಾಯದ್ದು ಅನ್ನುವುದಾದರೆ, ಎಂಟರ ಬದಲು ಐದಕ್ಕೇ ಮುಗಿಯುವ ರೈಫಲ್ ಬಗ್ಗೆ ಅಲ್ವಾ ಇಂಥ ಕಥೆ ಹುಟ್ಟಬೇಕಿದ್ದದ್ದು?

ಹಾಗಾದರೆ ಎಲ್ಲರೂ ಯಾಕೆ ನಂಬುತ್ತಾರೆ? ಮೈಕ್‌ನಿಂದ. ಗುಂಡಿನ ಸದ್ದು ಎಷ್ಟು ದೊಡ್ಡದೆಂದರೆ ಸಾಮಾನ್ಯ ಮೈಕಿಗೆ ಅದನ್ನು ಹಿಡಿಯಲು ಆಗುವುದಿಲ್ಲ. ರೆಕಾರ್ಡ್ ಆಗುವಾಗ ಗುಂಡಿನ ಸದ್ದು ಕುಗ್ಗುತ್ತದೆ, ಕ್ಲಿಪ್ಪಿನ ಸದ್ದು ಇದ್ದ ಹಾಗೇ ಉಳಿಯುತ್ತದೆ. ನಿಮ್ಮ ಸ್ಪೀಕರಿನಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಕೇಳುತ್ತವೆ. ಅದೂ ಅಲ್ಲದೆ ಶೂಟಿಂಗ್ ರೇಂಜಿನ ವಿಡಿಯೊದಲ್ಲಿ ಹಾರಿಸುವವನು ಒಬ್ಬನೇ, ಸುತ್ತ ಸದ್ದಿಲ್ಲ, ಮೈಕ್ ಇರುವುದು ಒಂದೆರಡು ಮೀಟರ್ ದೂರದಲ್ಲಿ. ವಿಡಿಯೊ ಗೇಮ್ ಮಾಡುವವರು ಆಟಗಾರನಿಗೆ ಗುಂಡು ಮುಗಿದದ್ದು ತಿಳಿಯಲಿ ಅಂತ ಆ ಸದ್ದನ್ನು ಇನ್ನಷ್ಟು ಮುಂದೆ ತಂದರು. ನಾವು ಕೇಳಿಕೊಂಡು ಬೆಳೆದದ್ದು ರೆಕಾರ್ಡಿಂಗನ್ನು, ರೈಫಲ್ಲನ್ನಲ್ಲ. ಆಗಿನ ಸೈನಿಕರಲ್ಲೂ ಕೆಲವರು ಇದನ್ನು ನಂಬಿದ್ದರು. ಜೀವ ಕೈಯಲ್ಲಿ ಹಿಡಿದು ಕೂತವನಿಗೆ ತನ್ನ ರೈಫಲ್ಲಿನ ಪ್ರತಿ ಸದ್ದೂ ದೊಡ್ಡದಾಗಿ ಕೇಳುವುದು ಸಹಜ. ಅವರನ್ನು ನಾನು ಆಡಿಕೊಳ್ಳುವುದಿಲ್ಲ.

ಖಾಲಿ ಕ್ಲಿಪ್ಪನ್ನು ಕಲ್ಲಿನ ಮೇಲೆ ಎಸೆದು ಶತ್ರುವನ್ನು ಮೋಸಗೊಳಿಸುತ್ತಿದ್ದರಂತೆ ಅನ್ನುವ ಇನ್ನೊಂದು ಕಥೆಗೂ ಮೇಲಿನ ಉತ್ತರವೇ ಸಾಕು. ಕೇಳದ ಸದ್ದಿನಿಂದ ಮೋಸ ಮಾಡಲು ಆಗುವುದಿಲ್ಲ. ‘ಅರ್ಧ ಖಾಲಿಯಾದ ಕ್ಲಿಪ್ ತೆಗೆಯಲು ಆಗುವುದೇ ಇಲ್ಲ, ಉಳಿದದ್ದನ್ನು ಹಾರಿಸಿ ಮುಗಿಸಲೇಬೇಕು’ ಅನ್ನುವುದೂ ಸುಳ್ಳು. ಬೋಲ್ಟ್ ಹಿಂದಕ್ಕೆ ಎಳೆದು ಹಿಡಿದು ಎಡಬದಿಯ ಕೊಕ್ಕೆ ಒತ್ತಿದರೆ ಉಳಿದ ಗುಂಡುಗಳ ಸಮೇತ ಕ್ಲಿಪ್ ಹೊರಗೆ ಬರುತ್ತದೆ. ಒಳಗಿರುವ ಕ್ಲಿಪ್ಪಿಗೇ ಒಂದೊಂದು ಗುಂಡು ಸೇರಿಸುವುದು ಮಾತ್ರ ತುಂಬಾ ಕಷ್ಟ. ಅಷ್ಟನ್ನು ಒಪ್ಪಿಕೊಳ್ಳುತ್ತೇನೆ.

ನೀವು ಕೇಳದಿದ್ದರೂ ನನಗೆ ಮುಖ್ಯ ಅನ್ನಿಸುವ ಪ್ರಶ್ನೆ ಬೇರೆಯೇ ಇದೆ. ಈ ಕ್ಲಿಪ್ ಯಾಕೆ ಬೇಕಿತ್ತು? ಕೆಳಗಿನಿಂದ ಸಿಕ್ಕಿಸುವ ಮ್ಯಾಗಝಿನ್ ಆಗ ಗೊತ್ತಿರಲಿಲ್ವಾ?

ಚೆನ್ನಾಗಿ ಗೊತ್ತಿತ್ತು. ಬ್ರೌನಿಂಗ್ ಆಟೊಮ್ಯಾಟಿಕ್ ರೈಫಲ್‌ಗೆ 1918ರಿಂದಲೇ 20 ಗುಂಡಿನ ಮ್ಯಾಗಝಿನ್ ಇತ್ತು. ಆದರೆ ಸಾಮಾನ್ಯ ಕಾಲಾಳಿನ ರೈಫಲ್ಲಿಗೆ ಕೆಳಗೆ ಏನೂ ಚಾಚಿಕೊಂಡಿರುವುದು ಸೇನೆಗೆ ಬೇಡವಾಗಿತ್ತು. ಮಲಗಿ ಗುರಿಯಿಡುವಾಗ ಅದು ನೆಲಕ್ಕೆ ತಾಗುತ್ತದೆ, ಕಳೆದುಹೋಗುತ್ತದೆ, ಏಟು ಬಿದ್ದರೆ ಕೆಡುತ್ತದೆ ಅನ್ನುವ ಲೆಕ್ಕ ಅವರದು. ಕ್ಲಿಪ್ ಆದರೆ ಅಗ್ಗ. ಗುಂಡು ತುಂಬಿಯೇ ಸರಬರಾಜು ಮಾಡಬಹುದು, ಬಳಸಿ ಬಿಸಾಡಬಹುದು. ಸೊಂಟದ ಪಟ್ಟಿಯ 10 ಜೇಬುಗಳಲ್ಲಿ 10 ಕ್ಲಿಪ್, ಅಂದರೆ 80 ಗುಂಡು. ಯಾವ ತುದಿ ಮೇಲೆ ಮಾಡಿ ಒತ್ತಿದರೂ ಕ್ಲಿಪ್ ಸರಿಯಾಗಿ ಕೂರುತ್ತದೆ. ಕತ್ತಲಲ್ಲಿ, ನಡುಗುವ ಕೈಯಲ್ಲಿ ಅದು ದೊಡ್ಡ ಅನುಕೂಲ.

ಕ್ಲಿಪ್ಪಿನ ದಾರಿ ಗ್ಯಾರಂಡ್ ಒಬ್ಬರದೇ ಅಲ್ಲ. ಅವರ ಜೊತೆ ಪೈಪೋಟಿಯಲ್ಲಿದ್ದ ಜಾನ್ ಪೆಡರ್‌ಸನ್ ತಮ್ಮ ರೈಫಲ್‌ನಲ್ಲಿ ಇಂಥದ್ದೇ ಕ್ಲಿಪ್ ಇಟ್ಟಿದ್ದರು. ಅದಕ್ಕೂ ಮೊದಲು ಗ್ಯಾರಂಡ್ ಹಿಡಿದ ದಾರಿ ಪೂರ್ತಿ ಬೇರೆ. 1920ರ ದಶಕದ ಮೊದಲ ವರ್ಷಗಳಲ್ಲಿ ಅವರು ಮಾಡಿದ ರೈಫಲ್‌ಗಳಲ್ಲಿ ಗ್ಯಾಸ್ ರಂಧ್ರವೇ ಇರಲಿಲ್ಲ. ಕಾಡತೂಸಿನ ಹಿಂಬದಿಯಲ್ಲಿ ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಒತ್ತಡಕ್ಕೆ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಆ ಚಲನೆಯಿಂದಲೇ ಬೋಲ್ಟಿನ ಬೀಗ ತೆಗೆಸುತ್ತಿದ್ದರು. ಆಮೇಲೆ ಸೇನೆ ಮದ್ದಿನ ಪುಡಿ ಬದಲಿಸಿತು, ಪ್ರೈಮರ್ ಅಲುಗದ ಹಾಗೆ ಅದರ ಅಂಚನ್ನು ಒತ್ತಿ ಬಿಗಿ ಮಾಡಿತು. ವರ್ಷಗಳ ಕೆಲಸ ಅಲ್ಲಿಗೆ ಮುಗಿಯಿತು. ಗ್ಯಾರಂಡ್ ಗ್ಯಾಸ್ ಕಡೆಗೆ ತಿರುಗಿ ಮತ್ತೆ ಮೊದಲಿನಿಂದ ಶುರು ಮಾಡಿದರು.

ಎಂಟು ಅನ್ನುವ ಲೆಕ್ಕವೂ ಸುಮ್ನೆ ಬಂದದ್ದಲ್ಲ. ಅವರ ಹೊಸ ರೈಫಲ್ .276 ಅಳತೆಯ ಸಣ್ಣ ಗುಂಡಿನದು, ಕ್ಲಿಪ್ಪಿನಲ್ಲಿ 10 ಗುಂಡು. 1932ರಲ್ಲಿ ಸೇನಾ ಮುಖ್ಯಸ್ಥರಾಗಿದ್ದ ಡಗ್ಲಸ್ ಮೆಕಾರ್ಥರ್ ಹೊಸ ಗುಂಡು ಬೇಡ ಅಂದರು. ಗೋದಾಮುಗಳಲ್ಲಿ ಸೇನೆ ಆಗಲೇ ಬಳಸುತ್ತಿದ್ದ .30-06 ಗುಂಡು ರಾಶಿ ಬಿದ್ದಿತ್ತು, ಮೆಷಿನ್ ಗನ್‌ಗಳಿಗೂ ಅದೇ ಬೇಕಿತ್ತು. ದಪ್ಪ ಗುಂಡು ಬಂತು, ಅದೇ ಜಾಗದಲ್ಲಿ ಎಂಟು ಮಾತ್ರ ಹಿಡಿಸಿದವು. 1936ರಲ್ಲಿ ಸೇನೆ ರೈಫಲ್ಲನ್ನು ಒಪ್ಪಿತು. ಆಗಲೂ ನಳಿಕೆಯಲ್ಲಿ ರಂಧ್ರ ಇರಲಿಲ್ಲ, ತುದಿಗೆ ಸಿಕ್ಕಿಸಿದ ಟೋಪಿಯೊಂದು ಗ್ಯಾಸ್ ಹಿಡಿಯುತ್ತಿತ್ತು. 1940ರ ಹೊತ್ತಿಗೆ ಅದನ್ನು ಬಿಟ್ಟು ನಾನು ಮೇಲೆ ಹೇಳಿದ ರಂಧ್ರ ಕೊರೆದರು.

ಗ್ಯಾರಂಡ್‌ನಲ್ಲಿ ತಪ್ಪು ಹುಡುಕಲೇಬೇಕು ಅಂದರೆ ನಿಜವಾದ ತಪ್ಪುಗಳಿವೆ. ಗುಂಡು ತುಂಬುವ ದಾರಿ ಮೇಲೇ ಇರುವುದರಿಂದ ಟೆಲಿಸ್ಕೋಪನ್ನು ನಡುವೆ ಕೂರಿಸಲು ಜಾಗವಿಲ್ಲ. ಸ್ನೈಪರ್‌ಗಳ ಎಂ1ಸಿ ಮತ್ತು ಎಂ1ಡಿ ಮಾದರಿಗಳಲ್ಲಿ ಅದನ್ನು ಎಡಕ್ಕೆ ಸರಿಸಿದರು. ಕೆನ್ನೆ ಸರಿಯಾಗಿ ಕೂರಲಿ ಅಂತ ಹಿಡಿಗೆ ಚರ್ಮದ ದಿಂಬು ಕಟ್ಟಬೇಕಾಯಿತು. ಉದ್ದನೆಯ ಬಾಗಿದ ಕಂಬಿ ನಾಜೂಕಿನದು. ನಳಿಕೆಯ ತುದಿಯಲ್ಲಿ ಒತ್ತಡ ಹೆಚ್ಚಿಸುವ ಮದ್ದು ಬಳಸಿದರೆ ಅದು ಸೊಟ್ಟಗಾಗುತ್ತದೆ. ಗ್ಯಾರಂಡ್ ಬದಲಿಗೆ 1957ರಲ್ಲಿ ಸೇನೆ ಒಪ್ಪಿದ ಎಂ14 ರೈಫಲ್‌ನಲ್ಲಿ ಗ್ಯಾಸ್ ರಂಧ್ರವನ್ನು ಹಿಂದೆ ಸರಿಸಿ ಕಂಬಿಯನ್ನು ಗಿಡ್ಡ ಮಾಡಿದರು, ಕ್ಲಿಪ್ ತೆಗೆದು ಕೆಳಗಿನಿಂದ ಸಿಕ್ಕಿಸುವ 20 ಗುಂಡಿನ ಮ್ಯಾಗಝಿನ್ ಕೊಟ್ಟರು. ಬೋಲ್ಟ್ ಎರಡು ಕಿವಿಗಳ ಮೇಲೆ ತಿರುಗಿ ಬೀಗ ಹಾಕಿಕೊಳ್ಳುವ ರೀತಿಯನ್ನು ಮಾತ್ರ ಹಾಗೇ ಉಳಿಸಿಕೊಂಡರು.