ಸುರೇಶನಿಗೆ ರಮ್ಯಾಳ ಅಂಕ

ವರ್ಚುವಲ್ ಡಾಮ್ ಇರುವುದರಿಂದಲೇ, ಜಾಲಪುಟಗಳ ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿಯಾದ ರಿಯಾಕ್ಟ್ ವೇಗವಾಗಿದೆ ಎಂಬ ಮಾತನ್ನು ಕೆಲಸದ ಸಂದರ್ಶನಗಳಲ್ಲಿ ಮಂತ್ರದಂತೆ ಒಪ್ಪಿಸುವವರಿದ್ದಾರೆ. ಕೇಳುವವರೂ ತಲೆಯಾಡಿಸುತ್ತಾರೆ. ತುಸು ಯೋಚಿಸಬಾರದೇ? ಪರದೆಯಲ್ಲಿ ಕೊನೆಗೂ ಬದಲಾಗಬೇಕಾದದ್ದು ಬ್ರೌಸರಿನ ನಿಜವಾದ ಡಾಮ್, ಅಂದರೆ ಪುಟದ ಅಂಶಗಳ ಮರರಚನೆ. ಅದಕ್ಕೆ ಮೊದಲು ಜಾವಾಸ್ಕ್ರಿಪ್ಟ್‌ನಲ್ಲಿ ನಕಲೊಂದನ್ನು (ಇದೇ ವರ್ಚುವಲ್ ಡಾಮ್) ಕಟ್ಟಿ, ಹಳೆಯ ನಕಲಿನೊಂದಿಗೆ ಹೋಲಿಸುವುದು ಹೆಚ್ಚುವರಿ ದುಡಿಮೆ. ಎಲ್ಲಿ ಏನು ಬದಲಾಗಿದೆ ಎಂದು ಮೊದಲೇ ಬಲ್ಲವರು ಅಷ್ಟನ್ನೇ ನೇರವಾಗಿ ತಿದ್ದಿದರೆ, ಆ ಕೆಲಸದಲ್ಲಿ ರಿಯಾಕ್ಟ್ ಅವರನ್ನು ಹಿಂದಿಕ್ಕಲಾರದು.

ಲಾಭ ಇರುವುದು ನೆಮ್ಮದಿಯಲ್ಲಿ. ದತ್ತಾಂಶ ಹೀಗಿದ್ದರೆ ಪರದೆ ಹೀಗಿರಲಿ ಎಂದಷ್ಟೇ ಬರೆದರೆ ಸಾಕು, ತಿದ್ದುವ ಹೊಣೆ ಲೈಬ್ರರಿಯದು. ಫೇಸ್‌ಬುಕ್‌ನಲ್ಲಿದ್ದ ಜೋರ್ಡನ್ ವಾಕ್ ರೂಪಿಸಿದ ರಿಯಾಕ್ಟ್ 2013ರಲ್ಲಿ ಮುಕ್ತ ತಂತ್ರಾಂಶವಾದಾಗ, ಜಾವಾಸ್ಕ್ರಿಪ್ಟ್ ನಡುವೆ ಎಚ್‌ಟಿಎಂಎಲ್‌ನಂಥ ಬರಹ ಕಂಡು ಮೂಗು ಮುರಿದವರೇ ಹೆಚ್ಚು. ಅದೇ ಕಂಪನಿ 2010ರಲ್ಲೇ ಸರ್ವರ್ ಭಾಷೆಯಾದ ಪಿಎಚ್‌ಪಿಗೆ ಎಕ್ಸ್‌ಎಚ್‌ಪಿ ಎಂಬ ಇಂಥದೇ ಸೌಲಭ್ಯ ಹೊರತಂದಿತ್ತು.

ನನಗೆ ಹೆಚ್ಚು ರುಚಿಸುವುದು ಹೋಲಿಸುವ ಜಾಣ್ಮೆ. ಎರಡು ಮರರಚನೆಗಳ ಕನಿಷ್ಠ ವ್ಯತ್ಯಾಸವನ್ನು ಕರಾರುವಾಕ್ಕಾಗಿ ಹುಡುಕಹೊರಟರೆ, ಸಾಮಾನ್ಯ ವಿಧಾನಗಳಲ್ಲಿ ಕೆಲಸವು ಅಂಶಗಳ ಸಂಖ್ಯೆಯ ಘನದಂತೆ ಬೆಳೆಯುತ್ತದೆ: 1,000 ಅಂಶಗಳಿಗೆ ನೂರು ಕೋಟಿಯಷ್ಟು ಹೋಲಿಕೆ! ರಿಯಾಕ್ಟ್ ಆ ಗೋಜಿಗೇ ಹೋಗದೆ ಊಹೆ ಮಾಡುತ್ತದೆ. ಒಂದೇ ಜಾಗದಲ್ಲಿ ಬೇರೆ ಜಾತಿಯ ಅಂಶ ಬಂದರೆ ಹಳೆಯದನ್ನು ಬುಡಸಮೇತ ಕಿತ್ತು ಹೊಸದನ್ನು ಕಟ್ಟುತ್ತದೆ. ಪಟ್ಟಿಯಾದರೆ, ಯಾರು ಯಾರೆಂಬುದನ್ನು ಪ್ರತಿ ಸಾಲಿಗೂ ನಾವು ಕೊಟ್ಟ ಗುರುತುಚೀಟಿಯಿಂದ, ಅಂದರೆ ಕೀಯಿಂದ ಗುರುತಿಸುತ್ತದೆ.

ಎಡವಟ್ಟಾಗುವುದು ಇಲ್ಲೇ. ಕೀ ಕೊಟ್ಟಿಲ್ಲವೆಂದು, ಎಚ್ಚರಿಕೆಗಳನ್ನು ತೋರಿಸುವ ಬ್ರೌಸರಿನ ಕನ್ಸೋಲ್ ಗೊಣಗಿದೊಡನೆ ಸಾಲಿನ ಕ್ರಮಸಂಖ್ಯೆಯನ್ನೇ (0, 1, 2 ಎಂದು) ಕೊಟ್ಟು ಅದರ ಬಾಯಿ ಮುಚ್ಚಿಸುವವರು ಬಹಳ. ರಮ್ಯಾ, ಸುರೇಶ, ಫಾತಿಮಾ ಎಂಬ ಮೂರು ಸಾಲುಗಳು, ಪ್ರತಿ ಹೆಸರಿನ ಮುಂದೆ ಅಂಕ ತುಂಬುವ ಪೆಟ್ಟಿಗೆ ಎಂದಿಟ್ಟುಕೊಳ್ಳಿ. ಅಂಕವನ್ನು ರಿಯಾಕ್ಟ್ ನೆನಪಿಡುವ ದತ್ತಾಂಶವಾದ ಸ್ಟೇಟ್‌ನಲ್ಲಿಡದೆ ಪೆಟ್ಟಿಗೆಗೇ ಬಿಟ್ಟಿದ್ದೀರಿ. 35, 60, 92 ಎಂದು ತುಂಬಿ ರಮ್ಯಾಳ ಸಾಲನ್ನು ಅಳಿಸಿದರೆ ಸುರೇಶನ ಮುಂದೆ 35, ಫಾತಿಮಾಳ ಮುಂದೆ 60 ಕಾಣುತ್ತದೆ, 92 ನಾಪತ್ತೆ. ಕೀ 0 ಮತ್ತು 1 ಇನ್ನೂ ಇವೆಯಲ್ಲ! ಹಾಗಾಗಿ ರಿಯಾಕ್ಟ್ ಆ ಸಾಲುಗಳ ಹೆಸರನ್ನಷ್ಟೇ ಬದಲಿಸಿ, 2ನ್ನು ಕಿತ್ತುಹಾಕಿತು. ಸೀಟು ನೋಡಿ ಪ್ರಯಾಣಿಕರನ್ನು ಗುರುತಿಸುವ ಕಂಡಕ್ಟರನ ಎದುರು ಜನ ಸೀಟು ಬದಲಿಸಿದಂತಾಯಿತು.

ಇದನ್ನು ಸರಿಪಡಿಸಲು ಯಾದೃಚ್ಛಿಕ ಸಂಖ್ಯೆಯನ್ನು ಕೀ ಮಾಡುವ ಮಹಾನುಭಾವರೂ ಇದ್ದಾರೆ. ಆಗ ಪಟ್ಟಿ ಮರುರಚನೆಯಾದಾಗಲೆಲ್ಲ ಸಾಲುಗಳೆಲ್ಲ ಹೊಸವು. ಒಂದೊಂದು ಅಕ್ಷರಕ್ಕೂ ಸ್ಟೇಟ್ ಬದಲಾಗುವ ಫಾರಂ ಆದರೆ ಒಂದು ಅಂಕೆ ಒತ್ತುವಷ್ಟರಲ್ಲಿ ಕರ್ಸರ್ ಮಾಯ.

ಪ್ರತಿ ವಿದ್ಯಾರ್ಥಿಯ ನೋಂದಣಿ ಸಂಖ್ಯೆಯೇ ಕೈಯಲ್ಲಿರುವಾಗ ಈ ಸರ್ಕಸ್ ಏಕೆ? ಅದು ಪಟ್ಟಿಯ ಹೊರಗೂ ಒದಗುತ್ತದೆ. ಒಬ್ಬರ ಅರ್ಜಿ ಬಿಟ್ಟು ಇನ್ನೊಬ್ಬರದನ್ನು ತೆರೆದಾಗ ಹಿಂದಿನವರ ಬರಹ ಉಳಿಯಬಾರದೆಂದರೆ, ಇಡೀ ಫಾರಂಗೆ ವಿದ್ಯಾರ್ಥಿಯ ನೋಂದಣಿ ಸಂಖ್ಯೆಯನ್ನು ಕೀಯಾಗಿ ಕೊಡಿ. ಕೀ ಬದಲಾದೊಡನೆ ರಿಯಾಕ್ಟ್ ಹಳೆಯ ಫಾರಂ ಕಿತ್ತು ಹೊಸದನ್ನು ಕಟ್ಟುತ್ತದೆ. ಪೆಟ್ಟಿಗೆಗಳನ್ನು ಒಂದೊಂದಾಗಿ ಖಾಲಿ ಮಾಡುವ ಕೋಡ್ ಬರೆಯಬೇಕಾಗಿಲ್ಲ.